ಬಟ್ಟೆ ಕೊಳ್ಳುವವನ ಧರ್ಮ

(ಆನೇಕಲ್ಲಿನಲ್ಲಿ ಉಪಾಧ್ಯಾಯರೂ ಪೌರರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಪ್ರವಾಸ ಮಾಡಿ ಬಂದವರು ಗುಡಿಗಳನ್ನೂ ಕೋಟೆಗಳನ್ನೂ ಜಲಪಾತಗಳನ್ನೂ ವರ್ಣಿಸುವುದು ವಾಡಿಕೆ. ನಾವಾದರೋ ಇಂದು ಅಂಗಡಿಗಳ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಈಚೆಗೆ ನಾವು ನಾಲ್ವರು ಇದೇ ಊರಿನಿಂದ ಮೋಟಾರಿನಲ್ಲಿ ಹೊರಟು ಚಿತ್ರದುರ್ಗ, ಹೊಸಪೇಟೆ, ಸಂಡೂರು, ಇಳಕಲ್ಲು, ಗುಳೇದಗುಡ್ಡ, ಹುಬ್ಬಳ್ಳಿ, ಯಲ್ಲಾಪುರಗಳನ್ನು ಕಂಡು ಹಿಂದಿರುಗಿದೆವು. ಹೋದಲ್ಲೆಲ್ಲ ಜವಳಿ ಅಂಗಡಿಯನ್ನೂ, ಖಾದಿ ಭಂಡಾರವನ್ನೂ, ಕೌದಿ ಹೊಲಿಯುವವರ ಜಗಲಿಯನ್ನೂ ಹೊಕ್ಕೆವು, ಕೈಲಾದಷ್ಟು ಕೊಂಡೆವು. ಹೀಗೆ ಕೊಳ್ಳುತ್ತ ಹೋದಾಗ ನಮ್ಮ ಮನಸ್ಸಿನಲ್ಲಿ ಬಲಿತ ವಿಚಾರ ಒಂದೇ. ನಮ್ಮ ನಾಡಿನ ಕೈಗೆಲಸಕ್ಕೆ ಹೊಗಳುವವರ ಬರವಿಲ್ಲ. ಅದರ ಕೂಲಿಯನ್ನು ಕೊಡುವವರ ಬರವಿದೆ. ಇದನ್ನು ತಮ್ಮ ಮುಂದೆ ಸಾಕ್ಷ್ಯಸಮೇತವಾಗಿ ಇಡುವುದೇ ಈ ಭಾಷಣದ ಉದ್ದೇಶ.

ಮೊದಲು ವಸ್ತುವಿನ ಹೆಸರು. ಹಳೆಯ ಸೀರೆ ಪಂಚೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ತುಂಡುಗಳನ್ನು ಕೂಡಿಸಿ, ಒತ್ತೊತ್ತಾಗಿ ದಾರ ಓಡಿಸಿ ಮಾಡಿದ ಹೊದಿಕೆಗೆ ನಮ್ಮ ಸೀಮೆಯಲ್ಲಿ ಬೊಂತೆ ಎನ್ನುವರು. ಧಾರವಾಡ, ಬಿಜಾಪುರದ ಕಡೆ ಅದೇ ಕೌದಿ. ಮರಾಠಿಗರಲ್ಲಿ ಗೋಧಡಿ; ಬಂಗಾಳದಲ್ಲಿ ಕಾಂಥಾ. ಜೋಗಿಯು ತೊಡುವ ಕಂಥೆಯೂ ಇದೇ ಜಾತಿಯದು. ಬೊಂತೆಯ ಮೇಲೆ ಮಲಗದ ಮಗು ನಮ್ಮ ಅಜ್ಜಂದಿರ ಕಾಲದಲ್ಲಿ ಇದ್ದಿರಲಾರದು. ಇಂದು ಆ ಮಾತನ್ನು ಕೇಳಿದರೆ ನಮ್ಮ ಪಾಠಶಾಲೆಗಳ ಮಕ್ಕಳಲ್ಲಿ ಎಷ್ಟು ಮಂದಿ ಕೈ ಎತ್ತುವರೋ ಉಪಾಧ್ಯಾಯರೇ ಬಲ್ಲರು.

ನಾವು ಮೊದಲು ಹೊಕ್ಕದ್ದು ಹೆದ್ದಾರಿಯ ಬದಿಯ ಒಂದು ದೊಡ್ಡ ಅಂಗಡಿ. ಅದರ ಹೆಸರು ಇಲ್ಲಿ ಅನಾವಶ್ಯಕ. ರಜಾಯಿಗಳು ಅಟ್ಟದವರೆಗೆ ಪೇರಿಸಲ್ಪಟ್ಟಿದ್ದುವು. ಸೀರೆಗಳಿಗೆ ಬೇರೆ ಕೊಠಡಿ. ಮಾರುವ ತರುಣನು ಒಂದು ಸೀರೆಯನ್ನು ಬಿಚ್ಚಿ, "ಪೂರಾ ಕೈಮಗ್ಗ ಸಾರ್" ಎಂದನು. ಯಾವ ಊರಿನ ಮಗ್ಗ ಎಂದು ಕೇಳಿದೆವು. "ಉತ್ತರ ಕರ್ನಾಟಕದ್ದು" ಎಂದನು. ಉತ್ತರ ಕರ್ನಾಟಕದಲ್ಲಿ ಎಲ್ಲಿ? ಅದಕ್ಕೆ ಉತ್ತರವಿಲ್ಲ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ, ಕೊಳ್ಳುವವರಾರೂ ಅವನನ್ನು ಕೇಳಿಯೂ ಇರಲಿಲ್ಲ. ಆದರೆ ನ್ಯಾಯಸ್ಥಾನದಲ್ಲಿ ವಿಳಾಸವಿಲ್ಲದ ಸಾಕ್ಷಿಗೆ ಎಷ್ಟು ಬೆಲೆಯೋ, ಊರಿನ ಹೆಸರಿಲ್ಲದ ಕೈಮಗ್ಗಕ್ಕೂ ಅಷ್ಟೇ ಬೆಲೆ.

ಈ ವಿಷಯದಲ್ಲಿ ಕಾನೂನು ಏನೂ ಹೇಳಿಲ್ಲವೆಂದು ತಾವು ತಿಳಿಯಬಾರದು. ೧೯೮೫ರಲ್ಲಿಯೇ ಕೇಂದ್ರ ಶಾಸನಸಭೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ಮಾಡಿತು. ಅದರಂತೆ ಮೊದಲು ೨೨ ಬಗೆಯ ಬಟ್ಟೆಗಳಿಗೆ ಮೀಸಲಾತಿ ದೊರೆಯಿತು. ಅನಂತರ ಅದು ೧೧ಕ್ಕೆ ಇಳಿಯಿತು. ಉಳಿದ ಹನ್ನೊಂದರಲ್ಲಿ ಸೀರೆಯೂ ಒಂದು. ೨೦೦೪ರಲ್ಲಿ ರೇಷ್ಮೆ ಗುರುತೂ, ೨೦೦೬ರಲ್ಲಿ ಕೈಮಗ್ಗದ ಗುರುತೂ ಬಂದುವು. ಇವೆರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. ರೇಷ್ಮೆ ಗುರುತು ಹೇಳುವುದು ನೂಲು ಅಪ್ಪಟ ರೇಷ್ಮೆಯೆಂದು ಮಾತ್ರ. ಅದನ್ನು ನೆಯ್ದದ್ದು ಕೈಯೋ ಯಂತ್ರವೋ ಎಂಬುದನ್ನು ಅದು ಹೇಳುವುದಿಲ್ಲ. ಖಾದಿಯಾದರೋ ಮತ್ತೂ ಬೇರೆ: ಅದರಲ್ಲಿ ನೂಲುವುದೂ ಕೈ, ನೆಯ್ಯುವುದೂ ಕೈ. ಈ ಮೂರು ಭೇದಗಳನ್ನು ತಿಳಿದವನು ಅಂಗಡಿಯಲ್ಲಿ ಅರ್ಧ ಮೋಸದಿಂದ ಪಾರಾದಂತೆಯೇ ಸರಿ.

ಗುರುತಿನ ಚೀಟಿ ಇಲ್ಲದಿದ್ದರೆ ಬಟ್ಟೆಯನ್ನೇ ವಿಚಾರಿಸಬೇಕು. ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ಬಟ್ಟೆಯ ಅಗಲ ಕುಗ್ಗದಂತೆ ಮಗ್ಗದ ಮೇಲೆ ಚಾಚಿ ಹಿಡಿಯುವ ಕಡ್ಡಿಯ ಮುಳ್ಳುಗಳು ಬಿಟ್ಟ ಸಣ್ಣ ತೂತುಗಳು ಕಾಣುವುವು. ಹೊಕ್ಕಿನ ಎಳೆ ಒಂದು ಕಡೆ ಒತ್ತಾಗಿ, ಮತ್ತೊಂದು ಕಡೆ ಕೂದಲೆಳೆಯಷ್ಟು ಸಡಿಲವಾಗಿರುವುದು. ಇವು ಒಂದೊಂದೇ ಬಲವಾದ ಸಾಕ್ಷ್ಯಗಳಲ್ಲ. ಎಲ್ಲ ಸೇರಿದಾಗ ಮಾತ್ರ ತೀರ್ಪು ಕೊಡಬಹುದು. ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ಮಗ್ಗವೇ. ಆದುದರಿಂದಲೇ ದಾರಿ ಸವೆಸಿ ನೆಯ್ಗೆಯ ಊರಿಗೆ ಹೋಗುವುದು ಲೇಸು.

ಆ ದಾರಿಯ ವಿಷಯವಾಗಿ ಒಂದು ಮಾತು. ಇಲ್ಲಿಂದ ಬೆಂಗಳೂರನ್ನು ದಾಟಿ ೪೮ನೆಯ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋಗಿ, ಅಲ್ಲಿಂದ ೫೦ನೆಯ ಹೆದ್ದಾರಿ ಹಿಡಿದರೆ ಸಾಯಂಕಾಲದೊಳಗೆ ಇಳಕಲ್ಲನ್ನು ಸೇರಬಹುದು. ೧೯೪೭ಕ್ಕೆ ಮುಂಚೆ ಇದೇ ದಾರಿಯಲ್ಲಿ ಹೋದವನು ಎಷ್ಟು ಸರಕಾರಗಳನ್ನು ದಾಟಬೇಕಾಗಿತ್ತು ಬಲ್ಲಿರಾ? ಆನೇಕಲ್ಲಿನಿಂದ ಚಿತ್ರದುರ್ಗದವರೆಗೆ ಮೈಸೂರು ಸಂಸ್ಥಾನ. ಕೂಡ್ಲಿಗಿ, ಹೊಸಪೇಟೆ ಮದರಾಸಿನವು. ಪಕ್ಕದ ಸಂಡೂರಿಗೆ ಅದರದೇ ದೊರೆ. ತುಂಗಭದ್ರೆಯನ್ನು ದಾಟಿದರೆ ಕುಷ್ಟಗಿ ನಿಜಾಮರ ಹೈದರಾಬಾದಿನದು. ಇಳಕಲ್ಲು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯದು. ಒಂದು ದಿನದ ಪ್ರಯಾಣಕ್ಕೆ ಐದು ಆಡಳಿತಗಳು! ಬಳ್ಳಾರಿಯು ೧೯೫೩ರಲ್ಲಿ ಮೈಸೂರನ್ನು ಸೇರಿತು. ಮಿಕ್ಕ ಕನ್ನಡ ಸೀಮೆಗಳು ೧೯೫೬ರ ನವೆಂಬರ್ ೧ರಂದು ಕೂಡಿದುವು. ಆದರೂ ಆ ಒಡೆದ ಕಾಲದಲ್ಲಿಯೂ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಗಡಿಗಳನ್ನು ದಾಟಿ ಹೋಗಿ ಮದುವೆಯ ಮನೆಗಳಲ್ಲಿ ಸೇರುತ್ತಿದ್ದುವು. ರಾಜ್ಯಗಳು ಕೂಡುವುದಕ್ಕೆ ಮೊದಲೇ ಜವಳಿಯ ಗಂಟು ಕೂಡಿಸಿತ್ತೆಂದರೆ ಅತಿಶಯೋಕ್ತಿಯಾಗದು.

ಸಂಡೂರಿನಲ್ಲಿ ಲಂಬಾಣಿ ಹೆಂಗಸರು ಕನ್ನಡಿ, ಕವಡೆ, ಬಣ್ಣದ ತುಂಡುಗಳನ್ನು ಬಟ್ಟೆಯ ಮೇಲೆ ಕೂಡಿಸಿ ಹೊಲಿಯುವ ಕಸೂತಿಯನ್ನು ನೋಡಿದೆವು. ಸಂಡೂರು ಕುಶಲ ಕಲಾ ಕೇಂದ್ರದವರ ಆಶ್ರಯದಲ್ಲಿ ಈ ಕೆಲಸ ಬಹುಕಾಲದಿಂದ ನಡೆದಿದೆ; ಊರಿನ ಹೆಸರಿಗೆ ರಕ್ಷಣೆ ಕೊಡುವ ಭೌಗೋಳಿಕ ಗುರುತೂ ಇದಕ್ಕೆ ದೊರೆತಿದೆ. ೨೦೨೩ರ ಜುಲೈ ತಿಂಗಳಿನಲ್ಲಿ ಹಂಪಿಯಲ್ಲಿ ಅನ್ಯದೇಶಗಳ ಪ್ರತಿನಿಧಿಗಳು ಕೂಡಿದಾಗ ಇಂಥ ೧,೭೫೫ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ವಿಶ್ವದಾಖಲೆ ಮಾಡಿದರು. ಸಂತೋಷದ ಸಂಗತಿ. ಆದರೆ ಪ್ರದರ್ಶನ ಮುಗಿದ ಮರುದಿನವೂ ಸೂಜಿ ಹಿಡಿದವಳಿಗೆ ಊಟವಾಗಬೇಕು. ಅದು ಕೊಳ್ಳುವವರಿಂದಲೇ ಆಗಬೇಕು.

ಇಳಕಲ್ಲಿನಲ್ಲಿ ಒಬ್ಬ ನೇಕಾರರ ಮನೆಯಲ್ಲಿ ಎರಡು ಗಂಟೆ ಕುಳಿತೆವು. ನೆಲದಲ್ಲಿ ಗುಣಿ ತೋಡಿ ಹೂಡಿದ ಮಗ್ಗ. ಮನೆಯ ಹಿರಿಯರು ಸೀರೆಯನ್ನು ನಮ್ಮ ಮುಂದೆ ಹಾಸಿ, "ಮೈ ನೋಡಿ ಬೆಲೀ ಕಟ್ಟಬ್ಯಾಡ್ರಿ ಸಾಹೇಬ್ರ, ಸೆರಗು ಕೂಡಿದ ಜಾಗಾ ನೋಡ್ರಿ" ಎಂದರು. ಆ ಮಾತಿನಲ್ಲಿ ಇಡೀ ವಿದ್ಯೆ ಅಡಗಿದೆ. ಇಳಕಲ್ಲಿನ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಮತ್ತೊಂದು ಹಾಸು. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವರು. ಅದರ ಮೇಲೆ ಕೆಂಪಿನಲ್ಲಿ ಬಿಳಿಯ ಟೋಪ ತೆನೆಯ ಸೆರಗು ಏಳುತ್ತದೆ. ಕೊಂಡಿಯ ಸೀರೆ ಬೇಕಾದರೆ ಒಂದೊಂದು ಸೀರೆಗೂ ಹಾಸನ್ನು ಬೇರೆ ಬೇರೆಯಾಗಿಯೇ ಸಿದ್ಧಪಡಿಸಬೇಕು. ಯಂತ್ರದ ಮಗ್ಗಕ್ಕೆ ಒಮ್ಮೆ ಉದ್ದನೆಯ ಹಾಸು ಹೂಡಿದರೆ ಸೀರೆಯ ಮೇಲೆ ಸೀರೆ ಇಳಿಯುತ್ತದೆ. ಇಲ್ಲಿ ಒಂದು ಸೀರೆ ಮುಗಿದೊಡನೆ ಮತ್ತೆ ಮೊದಲಿನಿಂದ. ಹಾಸು ಮಾಡುವವರು, ಕೊಂಡಿ ಕೂಡಿಸುವವರು, ನೆಯ್ಯುವವರು ಎಂದು ಮನೆಮಂದಿಯೆಲ್ಲ ಅದರಲ್ಲಿ ತೊಡಗಬೇಕು. ಹೆಂಗಸರ ಮತ್ತು ಮುದುಕರ ಈ ದುಡಿಮೆಯನ್ನು ಬೆಲೆಯ ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ.

ಗೋಮಿ, ಗಾಡಿ, ಪರಾಸ, ಚಿಕ್ಕಿ ಎಂದು ಅಂಚುಗಳ ಹೆಸರುಗಳನ್ನು ಅವರು ಎಣಿಸಿ ಹೇಳಿದರು. ಗುಳೇದಗುಡ್ಡದಲ್ಲಿ ಖಣವನ್ನು ಮುಕ್ಕೋನವಾಗಿ ಮಡಿಸಿ ಕೊಡುವ ಪದ್ಧತಿಯನ್ನು ಕಂಡೆವು; ಒಂದು ಕುಪ್ಪಸಕ್ಕೆ ಒಂದು ಖಣ. ಉಡಿ ತುಂಬುವ ಶಾಸ್ತ್ರ ಇರುವವರೆಗೆ ಖಣಕ್ಕೆ ಬೇಡಿಕೆಯಿರುವುದೆಂದು ಅಂಗಡಿಯವರು ಧೈರ್ಯ ಹೇಳಿಕೊಂಡರು. ಆದರೆ ಕೈಮಗ್ಗದ ಖಣದ ಪಕ್ಕದಲ್ಲಿಯೇ ಅದೇ ನಮೂನೆಯ ಯಂತ್ರದ ಬಟ್ಟೆ ಕಡಿಮೆ ಕ್ರಯಕ್ಕೆ ಕುಳಿತಿತ್ತು. ನಾವು ನಿಂತಿದ್ದಾಗಲೇ ಬಂದ ಇಬ್ಬರು ಗಿರಾಕಿಗಳೂ ಅದನ್ನೇ ಒಯ್ದರು.

ವಿದ್ಯುತ್ತಿನ ಮಗ್ಗದವನನ್ನು ನಾವು ನಿಂದಿಸುತ್ತಿಲ್ಲ. ಅವನೂ ನಮ್ಮವನೇ, ಅವನೂ ಸಾಲದಲ್ಲಿರುವವನೇ. ಅಗ್ಗದ ಬಟ್ಟೆ ಬಡವನಿಗೆ ಬೇಕು. ನಮ್ಮ ಆಕ್ಷೇಪಣೆ ಇಷ್ಟೇ: ಯಂತ್ರದ ಬಟ್ಟೆಯನ್ನು ಯಂತ್ರದ ಬಟ್ಟೆಯೆಂದೇ ಮಾರಲಿ. ಕೈಯ ಹೆಸರು ಹೇಳಿ ಮಾರಿದರೆ ಕೊಳ್ಳುವವನಿಗೆ ಒಂದು ಮೋಸ, ನೆಯ್ದವನಿಗೆ ಎರಡು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ನೋಡಿದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಅಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ೧೯೫೭ರಲ್ಲಿ ಸ್ಥಾಪಿತವಾದುದು. ರಾಷ್ಟ್ರಧ್ವಜವನ್ನು ನಿಯಮಿತ ಅಳತೆ, ನಿಯಮಿತ ಬಣ್ಣಗಳಲ್ಲಿ ಹೊಲಿಯುವ ಅಧಿಕಾರಪತ್ರ ೨೦೦೬ರಲ್ಲಿ ಆ ಸಂಘಕ್ಕೆ ದೊರೆಯಿತು. ಧಾರವಾಡದ ಹತ್ತಿರದ ಗರಗದಲ್ಲಿಯೂ ಧ್ವಜದ ಖಾದಿಯನ್ನು ನೆಯ್ದ ಕೀರ್ತಿಯಿದೆ. ನಮ್ಮ ಕನ್ನಡ ನಾಡಿನ ಹೆಂಗಸರು ನೂತು ನೆಯ್ದು ಹೊಲಿದ ಧ್ವಜವು ದೇಶದ ಕಟ್ಟಡಗಳ ಮೇಲೆ ಹಾರುವುದೆಂಬ ಹೆಮ್ಮೆ ಯಾರಿಗೆ ಇರುವುದಿಲ್ಲ? ಆದರೆ ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟರು. ಮನೆಮನೆಯಲ್ಲೂ ಧ್ವಜ ಹಾರಲೆಂಬ ಉದ್ದೇಶ ಒಳ್ಳೆಯದೇ. ಪರಿಣಾಮವಾಗಿ ಬೆಂಗೇರಿಗೆ ಬರುತ್ತಿದ್ದ ಬೇಡಿಕೆ ತಗ್ಗಿತು. ೨೦೨೨ರಲ್ಲಿ ಸಂಘದವರು ಪ್ರತಿಭಟನೆಯನ್ನೂ ಮಾಡಬೇಕಾಯಿತು.

ಹಿರಿಯರು ಈ ವಿಷಯವನ್ನು ಹೇಗೆ ನೋಡಿದ್ದರೆಂಬುದನ್ನು ನೆನೆಯೋಣ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ಸೇರಿತು. ಸದಸ್ಯನಾಗತಕ್ಕವನು ತಾನೇ ನೂತಾಗಲಿ ಇತರರಿಂದ ನೂಲಿಸಿಯಾಗಲಿ ತಿಂಗಳಿಗೆ ೨,೦೦೦ ಗಜ ನೂಲನ್ನು ಒಪ್ಪಿಸಬೇಕೆಂಬ ನಿಯಮವನ್ನು ಅಲ್ಲಿ ಅಂಗೀಕರಿಸಿದರು. ಅದೇ ಸಮಯದಲ್ಲಿ, ಅದೇ ಊರಿನಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಸಮ್ಮೇಳನವೂ ನಡೆಯಿತು. ಚಂದಾ ಹಣಕ್ಕೆ ಬದಲಾಗಿ ನೂಲನ್ನು ಕೇಳಿದ್ದರ ಅರ್ಥವೇನು? ಒಂದು ಗಜ ಬಟ್ಟೆಯ ಹಿಂದೆ ಎಷ್ಟು ಹೊತ್ತಿನ ದುಡಿಮೆ ಇದೆಯೆಂಬುದು ವಿದ್ಯಾವಂತನ ಬೆರಳಿಗೆ ತಿಳಿಯಲೆಂದು. ಆ ಬೆರಳಿನ ಜ್ಞಾನ ನಮಗೆ ತಪ್ಪಿಹೋದುದೇ ಇಂದಿನ ಅಂಗಡಿಯ ಗೊಂದಲಕ್ಕೆಲ್ಲ ಮೂಲ.

ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಇಳಿದು ಯಲ್ಲಾಪುರದ ಕಾಡಿನ ಸೀಮೆಗೆ ಹೋದೆವು. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಜನರ ವಸತಿಯಿದೆ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. ಬಹುಮಂದಿ ಗೋವೆಯ ಪೋರ್ತುಗೀಜರ ದಾಸ್ಯದಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಬುಡಕಟ್ಟುಗಳ ಪಟ್ಟಿಗೆ ಸೇರಿದರು. ಇವರ ಹೆಂಗಸರು ಹೊಲಿಯುವ ಕೌದಿಗೆ ಕವಂದ್ ಎಂದು ಹೆಸರು. ಅಡಿಗೆ ಒಂದು ಹಳೆಯ ಸೀರೆಯನ್ನು ಹಾಸಿ, ಮೂಲೆಯಲ್ಲಿ ಹೊಲಿಗೆಯನ್ನು ಆರಂಭಿಸಿ, ಅಂಚಿನ ಸುತ್ತ ತುಂಡುಗಳನ್ನು ಕೂಡಿಸುತ್ತ ಸುತ್ತು ಸುತ್ತಾಗಿ ಒಳಕ್ಕೆ ನಡೆದು ಕೊನೆಗೆ ನಡುವನ್ನು ಸೇರುವರು. ಮೊದಲೇ ಬರೆದ ನಕ್ಷೆ ಇಲ್ಲ. ಕ್ರೈಸ್ತ ಸಿದ್ದಿಯರ ಕವಂದಿನಲ್ಲಿ ಶಿಲುಬೆ, ಮುಸಲ್ಮಾನ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಮುಕ್ಕೋನದ ಹೂಗಳು. ಅವಕ್ಕೆ ಫುಲಾ ಎನ್ನುವರು. ಅವಿಲ್ಲದೆ ಏಕೆ ಮುಗಿಸಬಾರದೆಂದು ಕೇಳಿದ್ದಕ್ಕೆ ಒಬ್ಬ ತಾಯಿ, "ಹೂ ಇಲ್ದೇ ಹೋದ್ರೆ ಕವಂದ್ ಬತ್ತಲೆ ಇದ್ದ ಹಾಗೆ ಅಣ್ಣಾ" ಎಂದರು.

ಇಲ್ಲಿ ಕೌದಿಯ ಲೆಕ್ಕವನ್ನು ಸ್ವಲ್ಪ ಮಾಡೋಣ. ಉಪಾಧ್ಯಾಯರು ಇದನ್ನು ತರಗತಿಯಲ್ಲಿಯೂ ಮಾಡಿಸಬಹುದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕೌದಿ. ಅರ್ಧ ಅಂಗುಲಕ್ಕೊಂದು ಸಾಲು ದಾರ ಓಡಿಸಿದರೆ ೯೬ ಸಾಲುಗಳಾದುವು. ಅಂಗುಲಕ್ಕೆ ಮೂರು ಹೊಲಿಗೆಯಂತೆ ಒಂದು ಸಾಲಿಗೆ ೨೧೬ ಹೊಲಿಗೆ. ಒಟ್ಟು ೨೦,೭೩೬. ಇಪ್ಪತ್ತು ಸಾವಿರ ಸಲ ಸೂಜಿ ಬಟ್ಟೆಯ ಪದರುಗಳನ್ನು ಹೊಕ್ಕು ಹೊರಬರಬೇಕು. ಅಷ್ಟು ಸಲವೂ ಬೆರಳು ಅದನ್ನು ಒತ್ತಬೇಕು. ಮನೆಗೆಲಸ, ಹೊಲದ ಕೆಲಸಗಳನ್ನು ತೀರಿಸಿ ಉಳಿದ ಹೊತ್ತಿನಲ್ಲಿ ಇದು ನಡೆಯಬೇಕು.

ಇಂಥ ಕೌದಿಯ ಮುಂದೆ ಕುಳಿತು ನಾವು ವಿದ್ಯಾವಂತರು ಮಾಡುವುದೇನು? "ಸ್ವಲ್ಪ ಬಿಟ್ಟುಕೊಡಮ್ಮ" ಎನ್ನುತ್ತೇವೆ. ಚೌಕಾಸಿಯು ಪೇಟೆಯ ಧರ್ಮವೇ ಸರಿ. ನಾವೂ ಪೇಟೆಯಲ್ಲಿ ಮಾಡುವವರೇ. ಆದರೆ ಕೈಗೆಲಸದ ಮುಂದೆ ಅದರ ಪರಿಣಾಮ ಬೇರೆಯಾಗುತ್ತದೆ. ನೂಲಿನ ಬೆಲೆಯನ್ನು ನೂಲಿನ ವ್ಯಾಪಾರಿ ಬಿಡುವುದಿಲ್ಲ. ಬಣ್ಣದ ಬೆಲೆಯನ್ನು ಬಣ್ಣದವನು ಬಿಡುವುದಿಲ್ಲ. ನಡುವಿನ ವರ್ತಕನು ತನ್ನ ಲಾಭವನ್ನು ಮೊದಲೇ ಎಣಿಸಿಕೊಂಡಿರುತ್ತಾನೆ. ನಾವು ಇಳಿಸಿದ ರೂಪಾಯಿಗಳು ಎಲ್ಲಿಂದ ಬರಬೇಕು? ನೆಯ್ದವನ ಅಥವಾ ಹೊಲಿದವಳ ಕೂಲಿಯಿಂದ ಮಾತ್ರ. ಆ ಕೂಲಿಗೆ ವಾಯಿದೆಯಿಲ್ಲ, ಕರಾರುಪತ್ರವಿಲ್ಲ, ವಕೀಲನಿಲ್ಲ. ಗೆದ್ದೆವೆಂದು ನಾವು ನಗುತ್ತ ಮೋಟಾರು ಹತ್ತುವಾಗ ಸೋತದ್ದು ಯಾರೆಂಬುದನ್ನು ಒಂದು ಗಳಿಗೆ ಯೋಚಿಸಬೇಕು.

ಇನ್ನು ನಮ್ಮ ಊರಿಗೆ ಬರೋಣ. ಇಷ್ಟು ದೂರ ಹೋಗಿ ಮಗ್ಗ ನೋಡಿದವರು ಆನೇಕಲ್ಲಿನ ಮಗ್ಗಗಳನ್ನು ನೋಡಿದ್ದೀರಾ ಎಂದು ತಾವು ಕೇಳಬಹುದು, ಕೇಳತಕ್ಕ ಪ್ರಶ್ನೆಯೇ. ಆನೇಕಲ್ಲು ರೇಷ್ಮೆ ನೆಯ್ಗೆಯ ಊರು. ನಮ್ಮ ತಾಲ್ಲೂಕಿನ ಸರ್ಜಾಪುರದಲ್ಲಿ ಹಿಂದೆ ನಯವಾದ ಮಸ್ಲಿನ್ ಬಟ್ಟೆ ತಯಾರಾಗುತ್ತಿತ್ತೆಂದು ಹಳೆಯ ಗೆಜೆಟಿಯರುಗಳಲ್ಲಿ ಬರೆದಿದೆ. ಈಗ ಸರ್ಜಾಪುರದ ರಸ್ತೆಯೆಂದರೆ ನಿವೇಶನದ ಬೆಲೆಯ ಮಾತೇ ಹೊರತು ಬಟ್ಟೆಯ ಮಾತಲ್ಲ. ಇಲ್ಲಿಯ ಬೀದಿಗಳಲ್ಲಿ ಕೈಮಗ್ಗದ ಸದ್ದು ಅಡಗಿ ಯಂತ್ರದ ಮಗ್ಗದ ಸದ್ದು ಹೆಚ್ಚಿದೆ. ಅನೇಕ ಮನೆಗಳ ಮಕ್ಕಳು ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಿಗೆ ಹೋಗುತ್ತಾರೆ. ತಿಂಗಳ ಮೊದಲಲ್ಲಿ ಖಂಡಿತವಾಗಿ ಬರುವ ಸಂಬಳವನ್ನು ಬಿಟ್ಟು ಮಗ್ಗದ ಗುಣಿಯಲ್ಲಿ ಕುಳಿತಿರೆಂದು ಅವರಿಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ತಂದೆಯ ಕಸುಬು ಹೊಟ್ಟೆ ತುಂಬಿಸಿದ್ದರೆ ಮಗನು ಬಸ್ಸನ್ನು ಕಾಯುತ್ತಿರಲಿಲ್ಲ. ಕಸುಬು ಉಳಿಯಲೆಂದು ಯಾರಿಗೆ ಆಸೆಯಿದೆಯೋ ಅವರು ಮೊದಲು ತಮ್ಮ ಕೊಳ್ಳುವ ರೀತಿಯನ್ನು ತಿದ್ದಿಕೊಳ್ಳಬೇಕು.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದು: ಬಟ್ಟೆ ಕೊಳ್ಳುವಾಗ ಯಾವ ಊರಿನದು, ಕೈಯದೋ ಯಂತ್ರದ್ದೋ ಎಂದು ಕೇಳಿ, ಅದನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳಿರಿ. ಬಾಯಿಮಾತಿಗೆ ಅಂಜದವನು ಬರಹಕ್ಕೆ ಅಂಜುತ್ತಾನೆ. ಎರಡನೆಯದು: ಮದುವೆ ಮುಂಜಿಗಳಲ್ಲಿ ಹತ್ತು ಸೀರೆ ಕೊಳ್ಳುವವರು ಒಂಬತ್ತನ್ನು ತಮ್ಮ ಶಕ್ತಿಯಂತೆ ಕೊಳ್ಳಲಿ, ಒಂದನ್ನಾದರೂ ನೆಯ್ದವರ ಮನೆಯಿಂದ, ಚೌಕಾಸಿಯಿಲ್ಲದೆ ಕೊಳ್ಳಲಿ. ಮೂರನೆಯದು: ನಮ್ಮ ತಾಲ್ಲೂಕಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಕಸಕ್ಕೆ ಹೋಗುವ ಬದಲು ಬೊಂತೆ ಹೊಲಿಯಬಲ್ಲ ಮುದುಕಿಯರ ಕೈ ಸೇರುವಂತೆ ಊರಿನ ಪ್ರಮುಖರು ಪ್ರಯತ್ನಿಸಲಿ, ಹೊಲಿದವರಿಗೆ ನ್ಯಾಯವಾದ ಕೂಲಿ ಮೊದಲೇ ಗೊತ್ತಾಗಲಿ. ನಾಲ್ಕನೆಯದು ಉಪಾಧ್ಯಾಯರಿಗೆ: ಒಂದು ದಿನ ಮಕ್ಕಳು ತಮ್ಮ ಮನೆಯ ಹಳೆಯ ಬೊಂತೆಯನ್ನು ಶಾಲೆಗೆ ತರಲಿ. ಅದರಲ್ಲಿ ಯಾರ ಸೀರೆ, ಯಾರ ಪಂಚೆ ಸೇರಿದೆಯೆಂದು ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಲಿ. ಹೊಲಿಗೆಗಳನ್ನು ಎಣಿಸಲಿ. ಎಣಿಸಿದ ಮಗು ದೊಡ್ಡದಾದ ಮೇಲೆ ಅಂಗಡಿಯಲ್ಲಿ ಬೆಲೆ ಇಳಿಸಲು ಬಾಯಿ ತೆರೆಯುವ ಮುನ್ನ ಸ್ವಲ್ಪ ತಡೆಯುವುದೆಂದು ನಮ್ಮ ನಂಬಿಕೆ.

ಸರಕಾರವು ಮಾಡಬೇಕಾದ ಕೆಲಸ ಬಹಳವಿದೆ. ಅದನ್ನು ಕೇಳುವ ಹಕ್ಕನ್ನು ನಾವು ಬಿಟ್ಟುಕೊಡತಕ್ಕದ್ದಲ್ಲ. ೧೯೮೫ರ ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು, ಪೇಟೆಯಲ್ಲಿ ನಡೆಯಬೇಕು. ಆದರೆ ನಮ್ಮ ಕೈಚೀಲಕ್ಕೆ ಯಾವ ಕಾಯಿದೆಯ ಅಪ್ಪಣೆಯೂ ಬೇಡ. ಮುಂದಿನ ಹಬ್ಬಕ್ಕೆ ಜವಳಿ ತೆಗೆಯುವ ದಿನ ಹತ್ತಿರವಿದೆ. ಅಂದು ತಾವು ಕೇಳುವ ಎರಡು ಪ್ರಶ್ನೆಗಳಿಂದ ಒಂದು ಮಗ್ಗ ಇನ್ನೊಂದು ತಿಂಗಳು ಆಡಿದರೆ ನಮ್ಮ ಪ್ರವಾಸವೂ ತಾವು ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೂ ಸಾರ್ಥಕವಾಗುವುದು.